ಅರೆಕಟ್ಟಿದ ಮನೆಯ ವ್ಯಾಜ್ಯ

ಬೆಂಗಳೂರಿನಲ್ಲಿ ಹಿರಿಯರ ಕಾಲದ ಹಂಚಿನ ಮನೆಯನ್ನು ಕೆಡವಿ, ನಿವೇಶನವನ್ನು ಬಿಲ್ಡರನಿಗೊಪ್ಪಿಸಿ, ಬಾಡಿಗೆಯ ಮನೆಯಲ್ಲಿ ದಿನವೆಣಿಸುವ ಸಂಸಾರಗಳು ಅನೇಕ. ನೆಲ ಒಬ್ಬನದು, ಬಂಡವಾಳ ಇನ್ನೊಬ್ಬನದು; ಎದ್ದ ಫ್ಲಾಟುಗಳನ್ನು ಇಬ್ಬರೂ ಹಂಚಿಕೊಳ್ಳತಕ್ಕದ್ದೆಂದು ಜಂಟಿ ಅಭಿವೃದ್ಧಿ ಕರಾರು. ಸಹಿ ಬೀಳುವ ದಿನ ಅವರು ಬೀಗರಂತಿರುತ್ತಾರೆ. ಕೆಲಸ ಮೂರನೆಯ ಅಂತಸ್ತಿನಲ್ಲಿ ನಿಂತಿತೆಂದರೆ ಬೀಗತನ ಮುರಿಯುತ್ತದೆ. ದಾವೆ, ತಡೆಯಾಜ್ಞೆ ಮೊದಲಾಗುತ್ತವೆ. ತಡೆಯಾಜ್ಞೆ ಯಾರನ್ನು ತಡೆದರೂ ಮಳೆಯನ್ನು ತಡೆಯದು. ಕಂಬಿಗಳು ತುಕ್ಕು ಹಿಡಿಯುತ್ತವೆ. ಮುಂಗಡ ತೆತ್ತ ಕೊಳ್ಳುಗನು ಸಾಲದ ಕಂತನ್ನೂ ಮನೆಬಾಡಿಗೆಯನ್ನೂ ಒಟ್ಟಿಗೇ ಕಟ್ಟುತ್ತಾನೆ.

ಇಂಥ ದಾವೆಯನ್ನು ರಾಜಿಯ ದಾರಿಗೆ ಹಚ್ಚಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರಿಂದ ನ್ಯಾಯಾಲಯಕ್ಕೆ ಅಧಿಕಾರವಿತ್ತಿದೆ. 2010ರಲ್ಲಿ ಆಫ್ಕಾನ್ಸ್ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ರಾಜಿಗೆ ತಕ್ಕ ವ್ಯಾಜ್ಯಗಳನ್ನು ಹೆಸರಿಸುತ್ತ ಬಿಲ್ಡರಿಗೂ ಗ್ರಾಹಕನಿಗೂ ನಡುವಣ ತಕರಾರನ್ನೂ ಸೇರಿಸಿತು. ಬೆಂಗಳೂರಿನಲ್ಲಿ ಈ ಕಾರ್ಯಕ್ಕೆಂದೇ 2007ರಲ್ಲಿ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು.

ಅಲ್ಲಿ ತರಬೇತಿ ಪಡೆದ ಮಧ್ಯಸ್ಥರು ಉಭಯ ಕಕ್ಷಿಗಳನ್ನು ಒಟ್ಟಿಗೂ, ಅಗತ್ಯ ಬಿದ್ದರೆ ಬೇರೆಬೇರೆಯಾಗಿಯೂ ಕೂರಿಸಿ ಕೇಳುತ್ತಾರೆ. ಅಲ್ಲಿ ಆಡಿದ ಮಾತನ್ನು ಮುಂದೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಎತ್ತುವಂತಿಲ್ಲ. ಆದ್ದರಿಂದಲೇ ದಾವಾಪತ್ರದಲ್ಲಿ ಕಾಣದ ನಿಜ ಹೊರಬೀಳುತ್ತದೆ: ಬಿಲ್ಡರನ ಕೈಯಲ್ಲಿ ಹಣವಿಲ್ಲ, ಯಜಮಾನನಿಗೆ ಪರಿಹಾರಕ್ಕಿಂತ ಮಗಳ ಮದುವೆಯೊಳಗೆ ಮನೆ ಬೇಕು. ಹೊರಗೆ ಇದನ್ನು ಒಪ್ಪಿಕೊಂಡರೆ ಸೋತಂತೆ! ನ್ಯಾಯಾಧೀಶರು ತಪ್ಪು ಯಾರದೆಂದು ನಿರ್ಣಯಿಸುವರೇ ಹೊರತು ಕರಾರನ್ನು ಹೊಸದಾಗಿ ಹೆಣೆಯಲಾರರು. ಒಂದು ಫ್ಲಾಟನ್ನು ಮಾರಿ ಕಾಮಗಾರಿ ಮುಗಿಸುವುದು, ಕೀಲಿಕೈ ಕೊಡುವವರೆಗೆ ಬಿಲ್ಡರನೇ ಬಾಡಿಗೆ ತೆರುವುದು, ಇವೆಲ್ಲ ಕಕ್ಷಿಗಳೇ ಒಪ್ಪಿ ಮಾಡಿಕೊಳ್ಳಬೇಕಾದ ಏರ್ಪಾಡುಗಳು.

ಒಪ್ಪಂದವನ್ನು ನ್ಯಾಯಾಲಯ ದಾಖಲಿಸಿಕೊಂಡರೆ ಅದು ರಾಜಿ ಡಿಕ್ರಿ. ಅದರ ಮೇಲೆ ಸಾಮಾನ್ಯವಾಗಿ ಅಪೀಲಿಲ್ಲ. ತಪ್ಪಿದವನ ಮೇಲೆ ಜಾರಿ ಮಾಡಿಸಬಹುದು. ಆದುದರಿಂದ ಬರೆಯುವಾಗಲೇ ಎಚ್ಚರ ಬೇಕು. ‘ಶೀಘ್ರದಲ್ಲಿ’ ಎಂಬ ಪದಕ್ಕೆ ಮೂರು ಕಾಸಿನ ಬೆಲೆಯಿಲ್ಲ, ತಾರೀಖೇ ಬೇಕು. ಸ್ವಾಧೀನಾನುಭವ ಪತ್ರವನ್ನು ಯಾರು ತರಬೇಕು, ತಡವಾದರೆ ತಿಂಗಳಿಗೆ ಎಷ್ಟು ತೆರಬೇಕು ಎಂಬುದೂ ಬೇಕು. ಫ್ಲಾಟು ಕೊಂಡವರು ಕಕ್ಷಿಗಳಾಗಿ ಸಹಿ ಹಾಕದಿದ್ದರೆ ಆ ರಾಜಿ ಅವರನ್ನು ಕಟ್ಟಿಹಾಕದು. ಅವರು ನಾಳೆ ಬೇರೆ ದಾವೆ ಹೂಡಿಯಾರು. ಇನ್ನು, ಮಂಜೂರಾದ ನಕ್ಷೆಯನ್ನು ಮೀರಿ ಎಬ್ಬಿಸಿದ ಅಂತಸ್ತು ಎಲ್ಲರೂ ಕೂಡಿ ಒಪ್ಪಿದರೂ ಸಕ್ರಮವಾಗದು.