ಹಿರಿಯರನ್ನ ಪೂರ್ತಿ ನೆನೆಯೋಣ (ಭಾಗ 3)

ದೋಸ್ತರ, ಹಿರಿಯರು ಯಾರಾದ್ರೂ ತೀರಿಕೊಂಡ್ರ ನಾವೇನ್ ಮಾಡ್ತೀವಿ? ಒಂದು ಫೋಟೋ, ಕೈಮುಗಿದ ಎಮೋಜಿ, "ಮತ್ತೆ ಹುಟ್ಟಿ ಬನ್ನಿ". ಇಷ್ಟ ಸಾಕೇನು?

ಮೈಸೂರಿನ ಜೂಬರ್ಟ್ ವ್ಯಾನ್ ಇಂಗೆನ್ ಅವರನ್ನ ನೋಡ್ರಿ. ಎರಡನೇ ಮಹಾಯುದ್ಧದಾಗ ಜಪಾನಿಯರಿಗೆ ಸೆರೆಸಿಕ್ಕು ಬರ್ಮಾ ರೈಲುಹಾದಿಯಲ್ಲಿ ದುಡಿದವರು. 415 ಕಿ.ಮೀ. ಉದ್ದದ ಆ ಹಾದಿಗೆ 12 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಬಲಿಯಾದ್ರು. ಇವರು ಬದುಕಿ ಬಂದ್ರು. ಬಂದು ಮತ್ತ ಗಾಳ ಹಿಡಿದು ನದಿ ದಂಡಿಗೆ ಹೋದ್ರು! ಅವರ ಸಹೋದರ ಡಿ ವೆಟ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದ್ರ ಸುಮಾರು 54 ಕೆಜಿಯ ಮಹಶೀರ್ ಹಿಡಿದು ದಾಖಲೆ ಮಾಡಿದವರು. ಜೂಬರ್ಟ್ 2013ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡ್ರು.

ಆದ್ರ ಇನ್ನೊಂದು ಮಾತೂ ಅದ. ಬೇಟೆಯಾಡಿದ ಸಾವಿರಾರು ಹುಲಿ, ಚಿರತೆಗಳ ಚರ್ಮ ಹದಮಾಡಿ, ಜೀವ ಇದ್ದಂಗ ನಿಲ್ಲಿಸ್ತಿದ್ದದ್ದು ಇವರದೇ ಮನೆತನದ ಕಾರ್ಖಾನೆ. ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್ ಇವತ್ತು ಅಳಿವಿನ ಅಂಚಿನಲ್ಲದ.

"ವೀರಯೋಧ" ಅಂತ ಹೊಗಳಿದ್ರ ಅರ್ಧ ಸತ್ಯ. "ಬೇಟೆ ಕಾಲದವರು" ಅಂತ ಬೈದ್ರ ಇನ್ನರ್ಧ. ಎರಡನ್ನೂ ಹೇಳೋದೇ ಮರ್ಯಾದೆ ಅಂತೀನಿ ನಾನು.

ನಮ್ಮ ಹಿರೇಕೊಟ್ನೆಕಲ್, ಮಾನ್ವಿ ಕಡೆ ಮಾಜಿ ಸೈನಿಕರು ಸಿಕ್ರ "ಎಷ್ಟು ಮಂದಿನ್ನ ಹೊಡೆದ್ರಿ, ಕಾಕಾ?" ಅಂತ ಕೇಳಬ್ಯಾಡ್ರಿ. "ರಜಾಕ್ಕ ಬಂದಾಗ ಮೊದಲು ಎಲ್ಲಿಗೆ ಹೋಗ್ತಿದ್ರಿ?" ಅಂತ ಕೇಳ್ರಿ. ತುಂಗಭದ್ರಾ ದಂಡಿಗೆ ಅಂದ್ರ, ಕೂತು ಪೂರ್ತಿ ಕೇಳ್ರಿ. ಅವರು ಇದ್ದಾಗಲೇ.

ನಿಮ್ಮ ಮನ್ಯಾಗಿನ ಹಿರಿಯರ ಬಗ್ಗೆ ಯಾರಿಗೂ ಗೊತ್ತಿಲ್ಲದ ಒಂದು ಹವ್ಯಾಸ ಕಮೆಂಟಿನಲ್ಲಿ ಬರೀರಿ.