ಆರೋಗ್ಯ ಅಂಕಣ: ಮೀನಖಂಡ ಹಿಡಿದುಕೊಂಡರೆ

ನಡುರಾತ್ರಿ ಮೀನಖಂಡ ಹಿಡಿದುಕೊಂಡು ಹಾಸಿಗೆಯಲ್ಲಿ ಎದ್ದು ಕುಳಿತದ್ದುಂಟೇ? ಆ ಗಂಟು ಏನೆಂದು ತಿಳಿಯಲು ಸ್ನಾಯುವಿನೊಳಗೆ ಇಣುಕೋಣ, ಬನ್ನಿ.

ಸ್ನಾಯುವೆಂದರೆ ನಾರುಗಳ ಕಂತೆ. ಪ್ರತಿ ನಾರಿನಲ್ಲೂ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನು ತಂತುಗಳು ಎರಡು ಬಾಚಣಿಗೆಗಳ ಹಲ್ಲುಗಳಂತೆ ಒಂದರೊಳಗೊಂದು ಸೇರಿರುತ್ತವೆ. ನರದ ಆಜ್ಞೆ ಬಂದೊಡನೆ ನಾರಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಮಯೋಸಿನ್ನಿನ ತಲೆಗಳು ಆಕ್ಟಿನ್ನನ್ನು ಹಿಡಿದು, ಬಾವಿಯ ಹಗ್ಗ ಸೇದುವಂತೆ ಎಳೆಯುತ್ತವೆ. ತಂತುಗಳು ತಾವು ಕುಗ್ಗುವುದಿಲ್ಲ, ಜಾರುತ್ತವೆ, ಗಿಡ್ಡವಾಗುವುದು ಸ್ನಾಯು. ಆಂಡ್ರ್ಯೂ ಹಕ್ಸ್‌ಲಿ, ಹ್ಯೂ ಹಕ್ಸ್‌ಲಿ ಇಬ್ಬರೂ ಬೇರೆ ಬೇರೆ ತಂಡಗಳಲ್ಲಿದ್ದು 1954ರಲ್ಲಿ ಪ್ರಕಟಿಸಿದ ಸಂಗತಿಯಿದು. ಹೆಸರು ಒಂದೇ, ನಂಟರಲ್ಲ!

ಹಿಡಿತ ಸಡಿಲಿಸಲೂ ಎಟಿಪಿ ಎಂಬ ಇಂಧನ ಬೇಕು. ಅದು ತೀರಿಹೋಗುವುದರಿಂದಲೇ ಸತ್ತ ದೇಹ ಸೆಟೆದುಕೊಳ್ಳುವುದು. ರಾತ್ರಿಯ ಸೆಳೆತದ ಕಥೆ ಬೇರೆ: ಅಲ್ಲಿ ನರ ಆಜ್ಞೆ ಕೊಡುವುದನ್ನು ನಿಲ್ಲಿಸುವುದೇ ಇಲ್ಲ. ಸ್ನಾಯುವಿಗೆ ಎಳೆಯುವುದಷ್ಟೇ ಗೊತ್ತು, ತನ್ನನ್ನು ತಾನೇ ಹಿಗ್ಗಿಸಿಕೊಳ್ಳಲು ಬಾರದು. ಆ ಕೆಲಸ ನಿಮ್ಮದು. ಮಂಡಿ ನೇರವಾಗಿಟ್ಟು ಕಾಲ್ಬೆರಳುಗಳನ್ನು ನಿಮ್ಮತ್ತ ಎಳೆದುಕೊಳ್ಳಿ. ಗಂಟು ಮೆಲ್ಲಗೆ ಬಿಡುತ್ತದೆ.

ಆದರೆ ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋವು ಹಗಲಲ್ಲೂ ಉಳಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ವೈದ್ಯರನ್ನು ಕಾಣಿ.