ಸವೆಯದೆಯೇ ಹಳತಾಗುವ ಟೈರು

ಮಗನು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದಿರುವನೆಂದೂ, ಅದರ ಹಿಂದಣ ಎರಡು ಟೈರುಗಳು ಸವೆದಿವೆಯೆಂದೂ, ಅವೆರಡನ್ನು ಮಾತ್ರ ಬದಲಾಯಿಸಿದರೆ ಸಾಲದೆ ಎಂದೂ ವಾಚಕರೊಬ್ಬರು ನಮ್ಮನ್ನು ಕೇಳಿದ್ದಾರೆ. ಮುಂದಣ ಎರಡು ಬೇರೊಂದು ಕಂಪೆನಿಯವಂತೆ; ನೋಡುವುದಕ್ಕೆ ಹೊಸತರಂತೆಯೇ ಇವೆಯಂತೆ. ಇದು ಹಣದ ಪ್ರಶ್ನೆಯೆಂದು ಅವರು ಭಾವಿಸಿರುವಂತಿದೆ. ಸಂಸಾರವಂದಿಗರಿಗೆ ಅದು ಸಹಜವೇ ಸರಿ. ಆದರೆ ಆ “ಹೊಸತರಂತೆ” ಎಂಬ ಮಾತೇ ನಮ್ಮ ಸಂಶಯಕ್ಕೆ ಕಾರಣವಾಗಿದೆ.

ಮೋಟಾರು ಎಷ್ಟೇ ಬೆಲೆಯದಾಗಲಿ, ಅದು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ಎಡೆಗಳಲ್ಲಿ ಮಾತ್ರ. ಎಂಜಿನಿನ ಬಲ, ಬ್ರೇಕಿನ ಹಿಡಿತ, ಸ್ಟಿಯರಿಂಗಿನ ಆಜ್ಞೆ ಇವೆಲ್ಲವೂ ಆ ನಾಲ್ಕು ಎಡೆಗಳ ಮೂಲಕವೇ ರಸ್ತೆಗೆ ತಲಪಬೇಕು. ಸಾಧಾರಣ ಕಾರಿನಲ್ಲಿ ಈ ಹಿಡಿತದ ಕೊನೆಯ ಅಂಚಿಗೆ ನಾವು ಹೋಗುವುದೇ ಅಪರೂಪ. ಸ್ಪೋರ್ಟ್ಸ್ ಕಾರಿನ ಸಂತೋಷವಿರುವುದೋ ಆ ಅಂಚಿನ ಸಮೀಪದಲ್ಲಿಯೇ.

೨೦೧೩ರ ನವೆಂಬರ್ ೩೦ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸಿನ ಉತ್ತರಕ್ಕಿರುವ ಸಾಂಟಾ ಕ್ಲಾರಿಟಾ ಎಂಬಲ್ಲಿ, ಪ್ರಸಿದ್ಧ ಚಲಚ್ಚಿತ್ರ ನಟ ಪಾಲ್ ವಾಕರನು ಕಾರು ಅಪಘಾತದಲ್ಲಿ ಮಡಿದುದು ಅನೇಕರಿಗೆ ನೆನಪಿದ್ದೀತು. ಕಾರನ್ನು ನಡೆಸುತ್ತಿದ್ದ ಅವನ ಮಿತ್ರನೂ ಉಳಿಯಲಿಲ್ಲ. ಅದು ಪೋರ್ಶೆ ಕ್ಯಾರೆರಾ ಜಿಟಿ; ಹತ್ತು ಸಿಲಿಂಡರಿನ, ಆರುನೂರಕ್ಕೆ ಮೇಲ್ಪಟ್ಟ ಅಶ್ವಶಕ್ತಿಯ ವಾಹನ. ಮರುವರ್ಷ ಹೊರಬಂದ ತನಿಖೆಯ ಪ್ರಕಾರ ಮುಖ್ಯ ಕಾರಣ ಅತಿವೇಗ: ಗಂಟೆಗೆ ೪೫ ಮೈಲಿಯ ಮಿತಿಯುಳ್ಳ ಬೀದಿಯಲ್ಲಿ ಕಾರು ೮೦ರಿಂದ ೯೩ ಮೈಲಿ ವೇಗದಲ್ಲಿ ಓಡುತ್ತಿತ್ತು. ಆದರೆ ತನಿಖೆಗಾರರು ಇನ್ನೊಂದು ಸಂಗತಿಯನ್ನೂ ಗುರುತುಹಾಕಿದರು. ಆ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು; ಅದರಿಂದ ವಾಹನದ ನಡವಳಿಕೆ ಕೆಟ್ಟಿರಬಹುದೆಂದು ಅವರು ಬರೆದರು. ವೇಗದ ತಪ್ಪನ್ನು ನಾವು ಟೈರಿನ ಮೇಲೆ ಹೊರಿಸಲಾರೆವು. ಆದರೂ ಅಂಥ ಬಲಶಾಲಿಯಾದ ಕಾರು ಒಂಬತ್ತು ವರ್ಷದ ರಬ್ಬರಿನ ಮೇಲೆ ನಿಂತಿತ್ತೆಂಬುದು ಯೋಚಿಸತಕ್ಕ ವಿಷಯ.

ಇಂಥ ಕಾರುಗಳ ದುರದೃಷ್ಟವೇ ಇದು. ಅವನ್ನು ಭಾನುವಾರಕ್ಕೊಮ್ಮೆ ಹೊರಗೆ ತೆಗೆಯುತ್ತಾರೆ, ಒರೆಸಿ ಮುಸುಕು ಹಾಕಿ ಇಡುತ್ತಾರೆ. ಹೆಚ್ಚು ಓಡದ ಕಾರಣ ಟೈರು ಸವೆಯುವುದಿಲ್ಲ. ತೋಡುಗಳು ಆಳವಾಗಿಯೇ ಕಾಣುತ್ತವೆ. ರಬ್ಬರು ಮಾತ್ರ ಸುಮ್ಮನಿರುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವು ಅದರೊಳಕ್ಕೆ ಇಳಿದು ಅದನ್ನು ವರ್ಷವರ್ಷಕ್ಕೂ ಗಡುಸು ಮಾಡುತ್ತದೆ. ಓಜೋನೂ ಬಿಸಿಲೂ ಪಕ್ಕದ ಗೋಡೆಯಲ್ಲಿ ನವುರಾದ ಬಿರುಕುಗಳನ್ನು ತರುತ್ತವೆ. ಸೆಕೆಯ ಸೀಮೆಗಳಲ್ಲಿ ಈ ಕೆಲಸ ಇನ್ನೂ ಬೇಗ ಸಾಗುವುದು. ಗಡುಸಾದ ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳನ್ನು ಅಪ್ಪಿಕೊಳ್ಳಲಾರದೆ ಜಾರುತ್ತದೆ.

ಟೈರಿನ ವಯಸ್ಸನ್ನು ತಿಳಿಯಲು ಪಂಡಿತರು ಬೇಕಿಲ್ಲ. ಪಕ್ಕದ ಗೋಡೆಯಲ್ಲಿ ಅಕ್ಷರಗಳ ಸಾಲೊಂದರ ಕೊನೆಗೆ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. ೩೨೧೯ ಎಂದಿದ್ದರೆ ಅದು ೨೦೧೯ನೆಯ ಇಸವಿಯ ೩೨ನೆಯ ವಾರದಲ್ಲಿ ತಯಾರಾದುದು. ಮೂರೇ ಅಂಕಿಗಳಿದ್ದರೆ ಟೈರು ೨೦೦೦ಕ್ಕಿಂತ ಹಿಂದಿನದು. ಅದರ ಮೇಲೆ ಕಾರನ್ನು ಹೊರಡಿಸಲೇ ಬಾರದು. ಐದು ವರ್ಷ ತುಂಬಿದ ಮೇಲೆ ಪ್ರತಿವರ್ಷವೂ ಪರೀಕ್ಷೆ ಮಾಡಿಸಬೇಕೆಂದೂ, ಹತ್ತು ವರ್ಷಕ್ಕೆ ನೋಟ ಹೇಗೇ ಇರಲಿ ತೆಗೆದುಬಿಡಬೇಕೆಂದೂ ಮಿಶೆಲಿನ್ ಕಂಪೆನಿಯವರು ಹೇಳುತ್ತಾರೆ. ವೇಗದ ಕಾರಿಗೆ ಹತ್ತು ವರ್ಷವೆಂಬುದು ಬಹಳವಾಯಿತೆಂದೇ ನಮ್ಮ ಅಭಿಪ್ರಾಯ.

ಇನ್ನು ಜೋಡಿಯ ಮಾತು. ಎಳೆಯ ಹೋರಿಯನ್ನೂ ಮುದಿ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟುವ ರೈತನುಂಟೆ? ಒಂದೇ ಅಚ್ಚಿನ ಎಡಬಲಗಳಲ್ಲಿ ಬೇರೆಬೇರೆ ಟೈರುಗಳಿದ್ದರೆ, ಬ್ರೇಕು ಒತ್ತಿದಾಗ ಒಂದು ಕಡೆ ಹೆಚ್ಚು ಹಿಡಿದು ಕಾರು ಆ ಕಡೆಗೆ ಎಳೆಯುತ್ತದೆ. ಇದನ್ನು ಎಲ್ಲರೂ ಬಲ್ಲರು. ಮುಂದಿಗೂ ಹಿಂದಿಗೂ ಇರುವ ಭೇದದ ಅಪಾಯವನ್ನು ಬಲ್ಲವರು ಕಡಿಮೆ. ಮಳೆಯಲ್ಲಿ ಮುಂದಣ ಚಕ್ರಗಳು ಹಿಡಿತ ಬಿಟ್ಟರೆ ಕಾರು ತಿರುವಿನಲ್ಲಿ ನೇರವಾಗಿ ಜಾರುತ್ತದೆ. ವೇಗವನ್ನು ತಗ್ಗಿಸಿದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಹಿಂದಣವು ಬಿಟ್ಟರೆ ಕಾರು ಬುಗುರಿಯಂತೆ ತಿರುಗಿಬಿಡುವುದು. ಆಗ ಗಾಬರಿಯಿಂದ ಬ್ರೇಕನ್ನು ಒತ್ತಿದವನ ಗತಿ ಇನ್ನೂ ಕೆಡುವುದು. ಆದುದರಿಂದ ನಾಲ್ಕೂ ಒಂದೇ ಅಳತೆಯವಾದರೆ, ಎರಡನ್ನೇ ಕೊಂಡಾಗ ಹೊಸವನ್ನು ಹಿಂದಕ್ಕೆ ಹಾಕಬೇಕು. ಮುಂದಿನ ಚಕ್ರಗಳು ಓಡಿಸುವ ಕಾರಾದರೂ ಹೀಗೆಯೇ. ಕ್ಯಾರೆರಾ ಜಿಟಿಯಂಥವುಗಳಲ್ಲಿ ಈ ಅದಲುಬದಲು ಸಾಧ್ಯವಿಲ್ಲ: ಮುಂದಣ ಟೈರು ೨೬೫ ಮಿಲಿಮೀಟರು ಅಗಲ, ಹಿಂದಣದು ೩೩೫. ನಾಲ್ಕು ಚಕ್ರಗಳನ್ನೂ ಎಂಜಿನು ಓಡಿಸುವ ಕಾರಾದರೆ ಇನ್ನೊಂದು ತೊಡಕುಂಟು. ಸವೆದ ಟೈರಿನ ಸುತ್ತಳತೆ ಕಡಿಮೆಯಾಗಿ ಅದು ಹೆಚ್ಚು ಸುತ್ತು ತಿರುಗುವುದರಿಂದ ನಡುವಣ ಗೇರುಗಳು ಎಡೆಬಿಡದೆ ತಿಕ್ಕಾಡಿ ಬಿಸಿಯೇರುತ್ತವೆ. ಟೈರಿನಲ್ಲಿ ಉಳಿಸಿದ ಹಣ ಅಲ್ಲಿ ಹೋಗುವುದು.

ತೋಡಿನ ಆಳ ಕಾನೂನಿನ ಮೇರೆಗೆ ೧.೬ ಮಿಲಿಮೀಟರಿಗಿಂತ ಕಡಿಮೆಯಾಗಕೂಡದು. ತೋಡಿನ ತಳದಲ್ಲಿರುವ ಸಣ್ಣ ದಿಣ್ಣೆಗಳು ಮೇಲ್ಮೈಗೆ ಸಮವಾದವೆಂದರೆ ಆ ಗಡಿ ಬಂತು. ಆದರೆ ಅಷ್ಟು ಸವೆಯುವುದಕ್ಕೆ ಬಹು ಮೊದಲೇ ನೀರನ್ನು ಹೊರದೂಡುವ ಶಕ್ತಿ ಕುಂದಿರುತ್ತದೆ. ಮಳೆಗಾಲದಲ್ಲಿ ಕಾರನ್ನು ತೆಗೆಯುವವರು ಮೂರು ಮಿಲಿಮೀಟರಿಗೇ ಎಚ್ಚರಗೊಳ್ಳುವುದು ಲೇಸು.

ಒಳ್ಳೆಯ ರಬ್ಬರಿನಿಂದ ಎಷ್ಟು ವ್ಯತ್ಯಾಸವಾದೀತೆಂಬುದಕ್ಕೂ ಅದೇ ಕಾರು ಸಾಕ್ಷಿ. ೨೦೨೪ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ಹೊಸ ಬಗೆಯ ಮಿಶೆಲಿನ್ ಟೈರು ತೊಡಿಸಿದ ಕ್ಯಾರೆರಾ ಜಿಟಿಯೊಂದು, ಆ ಮಾದರಿಯ ಇಪ್ಪತ್ತು ವರ್ಷದ ಹಿಂದಣ ಕಾಲಕ್ಕಿಂತ ಸುಮಾರು ೧೬ ಸೆಕೆಂಡು ಬೇಗನೆ ಸುತ್ತು ಮುಗಿಸಿತು.

ನಮ್ಮ ವಾಚಕರು ಮೊದಲು ಮುಂದಣ ಟೈರುಗಳ ನಾಲ್ಕು ಅಂಕಿಗಳನ್ನು ಓದಿ ನೋಡಲಿ. ಅವು ಎರಡು ಮೂರು ವರ್ಷದವಾದರೆ, ಅದೇ ಕಂಪೆನಿಯ ಅದೇ ಮಾದರಿಯ ಎರಡನ್ನು ಹಿಂದಕ್ಕೆ ಹಾಕಿಸಬಹುದು. ಆರು ವರ್ಷ ಮೀರಿದ್ದರೆ ನಾಲ್ಕನ್ನೂ ಬದಲಾಯಿಸಲೇಬೇಕು. ಅಷ್ಟು ಹಣ ಈಗ ಒದಗದಿದ್ದರೆ ಒದಗುವವರೆಗೆ ಕಾರು ಮನೆಯಲ್ಲೇ ಇರಲಿ. ಅಂಗಡಿಯಲ್ಲಿಯೂ ಆ ಅಂಕಿಗಳನ್ನು ನೋಡದೆ ಹಣ ಕೊಡಬೇಡಿ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಟೈರನ್ನೂ ಹೊಸದೆಂದೇ ಮಾರುವುದುಂಟು. ಹೊಸ ಟೈರಿನ ಮೈ ಮೊದಲಿಗೆ ನುಣುಪಾಗಿರುವುದರಿಂದ, ಮೊದಲ ಕೆಲವು ನೂರು ಕಿಲೋಮೀಟರುಗಳನ್ನು ಮಗನು ಮೆಲ್ಲನೆ ಓಡಿಸಲಿ. ಗಾಳಿಯ ಒತ್ತಡವನ್ನು ಬೆಳಗ್ಗೆ ಕಾರು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಲಿ.